ಮೂರು ಊರು ಕೂಡಿ ಕೊಂಡರೆ ರೈತನಿಗೇನು ಪಾಲು?



ನಿಮ್ಮ ಮಾಲು ಕೊಳ್ಳುವವರು ಯಾರು ಎಂದು ಕೇಳಿದರೆ ದಲಾಲಿ ಅಂಗಡಿಯ ಹೆಸರು ಹೇಳುತ್ತೀರಿ. ಮೆಣಸಿನಕಾಯಿ ಬೆಳೆದವರಾದರೆ ಬ್ಯಾಡಗಿ ಪೇಟೆಯ ಸೋಮವಾರ, ಗುರುವಾರದ ವಹಿವಾಟನ್ನು ನೆನೆಯುತ್ತೀರಿ. ಹಾಲು ಹಾಕುವವರು ಡೇರಿಯ ಹೆಸರು ಹೇಳುತ್ತಾರೆ. ಆದರೆ ನಮ್ಮ ಊರುಗಳಲ್ಲಿ ಇನ್ನೊಬ್ಬ ಗಿರಾಕಿ ಇದ್ದಾನೆ. ಆತನಿಗೆ ಅಂಗಡಿ ಇಲ್ಲ, ಆತ ಪೇಟೆಗೆ ಬರುವುದಿಲ್ಲ. ವರ್ಷವಿಡೀ ಕೊಳ್ಳುತ್ತಲೇ ಇರುತ್ತಾನೆ, ಮಳೆ ಹೋದರೂ ಬಂದರೂ ಆತನ ಅಗತ್ಯ ನಿಲ್ಲುವುದಿಲ್ಲ. ಆ ಗಿರಾಕಿಯೇ ಸರಕಾರಿ ಕಚೇರಿ. ನಗರಸಭೆ, ಪುರಸಭೆ, ವಿದ್ಯಾರ್ಥಿ ನಿಲಯ, ವಸತಿ ಶಾಲೆ, ಆಸ್ಪತ್ರೆ, ಅಂಗನವಾಡಿ ಎಲ್ಲವೂ ಇದರಲ್ಲಿ ಸೇರಿವೆ. ಜೋಳ, ಬೇಳೆ, ಖಾರದ ಪುಡಿ, ಶೇಂಗಾ, ಹಾಲು, ಬಟ್ಟೆ, ಚೀಲ, ಸಸಿ, ಗೊಬ್ಬರ ಇವೆಲ್ಲ ಟೆಂಡರಿನ ಮೂಲಕ ಬಂದು ಬೀಳುತ್ತವೆ. ನಿಮ್ಮ ಹೊಲದಿಂದ ನಾಲ್ಕು ಮೈಲಿ ದೂರದ ಅಡಿಗೆ ಮನೆಗೆ ನಾಲ್ಕು ನೂರು ಮೈಲಿ ದೂರದ ಮಾಲು ಬಂದರೂ ನಿಮಗೆ ತಿಳಿಯುವುದಿಲ್ಲ.

ಈ ಖರೀದಿಯನ್ನು ಜವಾಬ್ದಾರಿಯಿಂದ ಮಾಡಬೇಕು, ನೆಲ ಕೆಡದಂತೆ, ದುಡಿಯುವವನಿಗೆ ಅನ್ಯಾಯವಾಗದಂತೆ ಮಾಡಬೇಕು, ಹಲವು ಊರುಗಳು ಕೂಡಿ ಮಾಡಬೇಕು ಎಂಬ ವಿಚಾರ ಈಗ ದೇಶ ವಿದೇಶಗಳಲ್ಲಿ ನಡೆದಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರೂ ಒಂದೇ ರೈಲು ಹಾದಿಯ ಮೇಲಿವೆ. ಮೂರೂ ಊರುಗಳು ಕೂಡಿ ಕೊಂಡರೆ ಸುತ್ತಲಿನ ಒಕ್ಕಲಿಗನಿಗೆ ಏನು ಲಾಭ, ಏನು ಅಪಾಯ ಎಂಬುದನ್ನು ಇಂದು ವಿಚಾರ ಮಾಡೋಣ.

ಇದು ರೈತನ ವಿಷಯ ಹೇಗೆ?

ಕಳೆದ ಎರಡು ಮೂರು ವರ್ಷಗಳ ಅನುಭವವನ್ನೇ ನೋಡಿರಿ. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ದಿಢೀರನೆ ಕುಸಿಯಿತು. ಸಿಟ್ಟಿಗೆದ್ದ ಗುಂಪು ಮಾರುಕಟ್ಟೆ ಸಮಿತಿಯ ಕಚೇರಿಯ ಮೇಲೆ ಏರಿಹೋಯಿತು, ವಾಹನಗಳಿಗೆ ಬೆಂಕಿ ಬಿತ್ತು. 2025ರ ನವೆಂಬರಿನಲ್ಲಿ ಗೋವಿನಜೋಳದ ಸರದಿ ಬಂತು. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಪೇಟೆಯ ದರ ಅದಕ್ಕಿಂತ ಬಹಳ ಕೆಳಗಿಳಿದಾಗ ಹಾವೇರಿ, ಗದಗ ಜಿಲ್ಲೆಗಳ ರೈತರು ಬೀದಿಗಿಳಿದರು. ಎಥೆನಾಲ್ ಕಾರ್ಖಾನೆಗಳು ಕೊಳ್ಳಬೇಕೆಂದು ಸರಕಾರ ಅವುಗಳ ಮಾಲೀಕರೊಡನೆ ಮಾತುಕತೆ ನಡೆಸಬೇಕಾಯಿತು.

ಎರಡೂ ಪ್ರಸಂಗಗಳಿಂದ ತಿಳಿಯುವ ಮಾತು ಒಂದೇ. ಬೆಲೆ ಘೋಷಣೆಯಾದರೆ ಸಾಲದು, ಆ ಬೆಲೆಗೆ ಕೊಳ್ಳುವ ಗಿರಾಕಿ ಬೇಕು. ಮೆಣಸಿನಕಾಯಿಗಂತೂ ಬೆಂಬಲ ಬೆಲೆಯೇ ಇಲ್ಲ. ಇಂಥ ಸಮಯದಲ್ಲಿ ಸರಕಾರಿ ಅಡಿಗೆ ಮನೆಗಳು ಕೊಳ್ಳುವ ಮಾಲು ಪೇಟೆಯ ಆವಕಕ್ಕೆ ಹೋಲಿಸಿದರೆ ಸಣ್ಣದೇ ಸರಿ. ಆದರೆ ಅದು ಖಚಿತವಾದದ್ದು, ಮೊದಲೇ ಲೆಕ್ಕ ಹಾಕಬಹುದಾದದ್ದು. ಬಿತ್ತುವ ಮೊದಲೇ ಇಷ್ಟು ಮಾಲಿಗೆ ಗಿರಾಕಿ ಇದ್ದಾನೆ ಎಂದು ತಿಳಿದರೆ ಒಕ್ಕಲಿಗನಿಗೆ ಎಷ್ಟೋ ಸಮಾಧಾನ.

ಸರಕಾರಿ ಖರೀದಿ ರೈತನ ಕೈ ಹಿಡಿಯಬಲ್ಲದು ಎಂಬುದಕ್ಕೆ ಕರ್ನಾಟಕದ ಕ್ಷೀರಭಾಗ್ಯವೇ ಸಾಕ್ಷಿ. ಹಾಲು ಒಕ್ಕೂಟಗಳಲ್ಲಿ ಹಾಲು ಮಿಗತೆಯಾಗಿದ್ದ ಕಾಲದಲ್ಲಿ, 2013ರ ಆಗಸ್ಟ್ 1ರಂದು, ಈ ಯೋಜನೆ ಪ್ರಾರಂಭವಾಯಿತು. ಶಾಲೆಯ ಮಗುವಿಗೆ 18 ಗ್ರಾಂ ಹಾಲಿನ ಪುಡಿಯಿಂದ ತಯಾರಿಸಿದ 150 ಮಿಲಿ ಲೀಟರ್ ಹಾಲು, ಮೊದಲು ವಾರಕ್ಕೆ ಮೂರು ದಿನ, ಮುಂದೆ ಐದು ದಿನ ಸಿಗುವಂತಾಯಿತು. ಮಗುವಿನ ಹೊಟ್ಟೆಗೂ ಬಂತು, ಹಾಲು ಹಾಕುವವನ ದರಕ್ಕೂ ಆಸರೆಯಾಯಿತು. 2024ರ ಫೆಬ್ರುವರಿಯಿಂದ ಶಾಲೆಗಳಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುವ ಏರ್ಪಾಡೂ ಸೇರಿತು. ಒಂದೇ ಖರೀದಿಯಿಂದ ಎರಡು ಕೆಲಸ ಆಗಬಲ್ಲದು ಎಂಬುದನ್ನು ಇದರಿಂದ ತಿಳಿಯಬೇಕು.

ಕೂಡಿ ಕೊಳ್ಳುವುದರ ಬಲ

ಸಂತೆಯಲ್ಲಿ ಒಬ್ಬನೇ ಒಂದು ಸೇರು ಕೊಂಡರೆ ಒಂದು ದರ, ಹತ್ತು ಮನೆಯವರು ಕೂಡಿ ಚೀಲ ಎತ್ತಿದರೆ ಇನ್ನೊಂದು ದರ. ಇದು ನಿಮಗೆ ಹೊಸ ಮಾತಲ್ಲ. ಬಿತ್ತನೆ ಬೀಜ, ಗೊಬ್ಬರಗಳನ್ನು ಸಂಘದ ಮೂಲಕ ತರುವುದೂ ಇದೇ ಲೆಕ್ಕದಿಂದ. ಸರಕಾರಗಳೂ ಈಗ ಇದೇ ಹಾದಿ ಹಿಡಿದಿವೆ.

ಎಲ್.ಇ.ಡಿ. ಬಲ್ಬುಗಳನ್ನು ಕೇಂದ್ರದ ಸಂಸ್ಥೆಯೊಂದು ಇಡೀ ದೇಶದ ಪರವಾಗಿ ಸಗಟಾಗಿ ಕೊಳ್ಳತೊಡಗಿದಾಗ, 2014ರಲ್ಲಿ 310 ರೂಪಾಯಿ ಇದ್ದ ಖರೀದಿ ದರ 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. 2022ರಲ್ಲಿ ಬೆಂಗಳೂರು, ದಿಲ್ಲಿ, ಕೋಲ್ಕತ್ತ, ಹೈದರಾಬಾದ್, ಸೂರತ್ ಈ ಐದು ನಗರಗಳು ಸೇರಿ 5,450 ವಿದ್ಯುತ್ ಬಸ್ಸುಗಳಿಗೆ ಒಂದೇ ಟೆಂಡರ್ ಕರೆದವು. ಬಸ್ಸು ಹೇಗಿರಬೇಕು, ಕರಾರಿನ ಷರತ್ತು ಏನು ಎಂಬುದನ್ನು ಐದೂ ನಗರಗಳು ಮೊದಲು ಒಪ್ಪಿಕೊಂಡವು. ಸಹಾಯಧನ ಬಿಟ್ಟು ಲೆಕ್ಕ ಹಾಕಿದರೂ ಕಿಲೋಮೀಟರಿನ ಖರ್ಚು ಡೀಸೆಲ್ ಬಸ್ಸಿಗಿಂತ ಶೇ. 27ರಷ್ಟು ಕಡಿಮೆ ಬಂದಿತೆಂದು ಟೆಂಡರ್ ನಡೆಸಿದ ಸಂಸ್ಥೆ ಲೆಕ್ಕ ಕೊಟ್ಟಿತು. ಹೊಗೆಯಿಲ್ಲದ ಬಸ್ಸು ದುಬಾರಿ ಎಂಬ ಮಾತನ್ನು ಐದು ಊರುಗಳ ಒಗ್ಗಟ್ಟು ಸುಳ್ಳು ಮಾಡಿತು.

ಆದರೆ ಬಸ್ಸು, ಬಲ್ಬುಗಳನ್ನು ತಯಾರಿಸುವವು ದೊಡ್ಡ ಕಾರ್ಖಾನೆಗಳು. ಐದು ಸಾವಿರ ಬಸ್ಸು ಬೇಕೆಂದರೆ ಅವು ಮಾಡಿಕೊಟ್ಟಾವು. ಜೋಳ, ಮೆಣಸಿನಕಾಯಿ ಬೆಳೆಯುವವನು ಮೂರು ಎಕರೆಯ ಒಕ್ಕಲಿಗ. ಅವನಿಗೂ ಈ ವಿಧಾನ ಒಗ್ಗುವುದೇ? ಇದಕ್ಕೆ ಉತ್ತರ ಹುಡುಕಲು ಅನ್ನದ ಖರೀದಿಯಲ್ಲಿ ಅನುಭವ ಪಡೆದ ಊರುಗಳನ್ನು ನೋಡಬೇಕು.

ಬೇರೆ ದೇಶಗಳಲ್ಲಿ ಹೇಗೆ ಮಾಡಿದರು?

ಬ್ರೆಜಿಲ್ ದೇಶ 2009ರಲ್ಲಿ ಒಂದು ಕಾಯ್ದೆ ಮಾಡಿತು. ಶಾಲೆಯ ಊಟಕ್ಕೆ ಕೇಂದ್ರ ಸರಕಾರ ಕೊಡುವ ಹಣದಲ್ಲಿ ಕನಿಷ್ಠ ಶೇ. 30ರಷ್ಟನ್ನು ಸಣ್ಣ ಒಕ್ಕಲುತನದ ಕುಟುಂಬಗಳಿಂದ ನೇರವಾಗಿ ಕೊಳ್ಳಲು ಖರ್ಚು ಮಾಡಬೇಕು ಎಂದು ವಿಧಿಸಿತು. ಮುಂದೆ ಈ ಪಾಲನ್ನು ಇನ್ನೂ ಹೆಚ್ಚಿಸಲಾಯಿತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಪೇಟೆಯ ಧಾರಣೆ ವಿಚಾರಿಸಿ ದರವನ್ನು ಮೊದಲೇ ಗೊತ್ತುಪಡಿಸುತ್ತಾರೆ. ಆ ದರಕ್ಕೆ ಕೊಡಬಲ್ಲ ರೈತ ಸಂಘಗಳನ್ನು ಬಹಿರಂಗವಾಗಿ ಕರೆಯುತ್ತಾರೆ. ದರ ಇಳಿಸುವ ಪೈಪೋಟಿಗೆ ಅಲ್ಲಿ ಆಸ್ಪದ ಇಲ್ಲ.

ಡೆನ್ಮಾರ್ಕಿನ ಕೋಪನ್‌ಹೇಗನ್ ನಗರ ತನ್ನ ಸಾರ್ವಜನಿಕ ಅಡಿಗೆ ಮನೆಗಳಲ್ಲಿ ಶೇ. 90ರಷ್ಟು ಸಾವಯವ ಆಹಾರ ಬಳಸುವ ಗುರಿ ಇಟ್ಟುಕೊಂಡಿತು. ಊಟದ ಬಜೆಟ್ಟನ್ನು ಏರಿಸದೆಯೇ ಗುರಿಯ ಹತ್ತಿರ ಬಂದಿತು. ಅದಕ್ಕಾಗಿ ಅಡಿಗೆಯವರಿಗೆ ತರಬೇತಿ ಕೊಟ್ಟರು, ಮಾಂಸ ಕಡಿಮೆ ಮಾಡಿದರು, ಚೆಲ್ಲುವುದನ್ನು ತಡೆದರು. ಯುರೋಪಿನ ಕಾನೂನಿನಂತೆ ಟೆಂಡರಿನಲ್ಲಿ 'ನಮ್ಮ ಊರಿನ ಮಾಲೇ ಬೇಕು' ಎಂದು ಬರೆಯುವಂತಿಲ್ಲ. ಆ ನಗರದವರು ಹಂಗಾಮಿಗೆ ತಕ್ಕ ಹಣ್ಣು ತರಕಾರಿ ಬೇಕು, ತಳಿಗಳಲ್ಲಿ ವೈವಿಧ್ಯ ಬೇಕು ಎಂದು ಬರೆದರು. ಆಯಾ ಹಂಗಾಮಿನಲ್ಲಿ ತಾಜಾ ಮಾಲು ಕೊಡಬಲ್ಲವನು ಸಮೀಪದ ಬೆಳೆಗಾರನೇ ಅಲ್ಲವೇ?

ಅಮೇರಿಕದ ಲಾಸ್ ಏಂಜಲೀಸ್ ನಗರ ಮತ್ತು ಅಲ್ಲಿನ ಶಾಲಾ ಮಂಡಳಿ 2012ರಲ್ಲಿ ಆಹಾರ ಖರೀದಿಗೆ ಐದು ಅಳತೆಗೋಲುಗಳನ್ನು ಒಪ್ಪಿಕೊಂಡವು. ಸ್ಥಳೀಯ ಆರ್ಥಿಕತೆ, ಪೌಷ್ಟಿಕತೆ, ಕೂಲಿಕಾರರ ಹಿತ, ಪರಿಸರ ಮತ್ತು ಪ್ರಾಣಿಗಳ ಪಾಲನೆ ಇವೇ ಆ ಐದು. ಒಂದು ಊರು ತಯಾರಿಸಿದ ಅದೇ ಅಳತೆಗೋಲನ್ನು ಮುಂದೆ ಸ್ಯಾನ್ ಫ್ರಾನ್ಸಿಸ್ಕೊ, ಓಕ್ಲೆಂಡ್, ಶಿಕಾಗೊ ಮೊದಲಾದವೂ ಬಳಸಿದವು. ಯುರೋಪಿನಲ್ಲಿ ಇಂಥ ಊರುಗಳ ಕೂಟವೊಂದು 2004ರಿಂದಲೇ ಇದೆ. ಟೆಂಡರಿನ ಕರಡು, ಪರೀಕ್ಷೆಯ ವಿಧಾನ, ತಪ್ಪಿದ್ದು ಎಲ್ಲಿ ಎಂಬ ಅನುಭವ ಇವನ್ನೆಲ್ಲ ಆ ಊರುಗಳು ಪರಸ್ಪರ ಹಂಚಿಕೊಳ್ಳುತ್ತವೆ. ಕೂಡಿ ಕೊಳ್ಳುವುದೆಂದರೆ ಒಂದೇ ಕಡೆಯಿಂದ ಎಲ್ಲ ಮಾಲು ಎತ್ತಬೇಕೆಂದೇನಿಲ್ಲ. ಒಂದೇ ಅಳತೆಗೋಲು ಹಿಡಿಯುವುದೂ ಕೂಡಿ ಕೊಳ್ಳುವುದೇ.

ನಮ್ಮ ಕಾನೂನು ಅಡ್ಡಿಯೇ?

'ಕಡಿಮೆ ದರ ಹಾಕಿದವನಿಗೇ ಕೊಡಬೇಕು, ಕಾನೂನು ಹಾಗಿದೆ' ಎಂದು ಅಧಿಕಾರಿಗಳು ಹೇಳುವುದನ್ನು ನೀವು ಕೇಳಿರಬಹುದು. ಅದು ಅರ್ಧ ಮಾತು. ನಮ್ಮ ರಾಜ್ಯದಲ್ಲಿ ಸರಕಾರಿ ಖರೀದಿ ನಡೆಯುವುದು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ ಪ್ರಕಾರ. ಕದ್ದುಮುಚ್ಚಿ ಗುತ್ತಿಗೆ ಕೊಡುವುದನ್ನು ತಪ್ಪಿಸಲು ಬಂದ ಒಳ್ಳೆಯ ಕಾಯ್ದೆ ಅದು. ಅದರಲ್ಲಿ ಕನಿಷ್ಠ ಟೆಂಡರನ್ನು ಒಪ್ಪಬೇಕೆಂದಿರುವುದು ನಿಜ. ಆದರೆ ಆ ಕನಿಷ್ಠವನ್ನು ಟೆಂಡರ್ ಪತ್ರದಲ್ಲಿ ಮೊದಲೇ ಬರೆದ, ಅಳೆದು ತೋರಿಸಬಹುದಾದ ಅಂಶಗಳ ಮೇಲೆ ನಿರ್ಧರಿಸಬೇಕು ಎಂದೂ ಇದೆ. ಒಂದೊಂದು ಅಂಶಕ್ಕೆ ಎಷ್ಟು ತೂಕ ಎಂಬುದನ್ನೂ ಅದರಲ್ಲಿ ಕಾಣಿಸಬೇಕು.

ಇದರ ಅರ್ಥವೇನು? ಟೆಂಡರಿನಲ್ಲಿ ಬರೇ 'ಖಾರದ ಪುಡಿ, ಇಷ್ಟು ಕಿಲೋ' ಎಂದು ಬರೆದರೆ ಹೆಚ್ಚು ಅಗ್ಗದವನು ಗೆಲ್ಲುತ್ತಾನೆ. ಅಗ್ಗದ ಖಾರದಲ್ಲಿ ಬಣ್ಣ, ಹಿಟ್ಟು, ಹಳೆಯ ಕಾಯಿ ಏನೆಲ್ಲ ಸೇರಬಹುದೆಂಬುದನ್ನು ಬ್ಯಾಡಗಿ ಸೀಮೆಯವರಿಗೆ ಹೇಳಬೇಕಾಗಿಲ್ಲ. ಅದೇ ಜಾಗದಲ್ಲಿ ಬಣ್ಣದ ಪ್ರಮಾಣ ಇಷ್ಟು, ತೇವಾಂಶ ಇಷ್ಟರೊಳಗೆ, ಕೃತಕ ಬಣ್ಣ ಇರಕೂಡದು, ಬೂಸ್ಟಿನ ವಿಷ ಮಿತಿಯೊಳಗೆ, ಈ ವರ್ಷದ ಮಾಲು, ಪ್ರತಿ ಲಾಟಿಗೂ ಪರೀಕ್ಷಾ ವರದಿ ಬೇಕು ಎಂದು ಬರೆದರೆ ಪೈಪೋಟಿಯ ರೀತಿಯೇ ಬದಲಾಗುತ್ತದೆ. ಆಳವಾದ ಕೆಂಪು ಬಣ್ಣ, ಕಡಿಮೆ ಖಾರ ಇವೇ 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಗುಣಗಳು. ಗುಣವನ್ನು ಬರೆದರೆ ಊರಿನ ಹೆಸರು ಬರೆಯಬೇಕಾಗಿಲ್ಲ.

ಒಂದು ಸಾಲಿನ ಬೆಲೆ

ಕಾಗದದ ಮೇಲಿನ ಒಂದು ಸಾಲು ಎಷ್ಟು ಜನರ ಅನ್ನವನ್ನು ಹಿಡಿದಿರುತ್ತದೆ ಎಂಬುದಕ್ಕೆ ಹುಬ್ಬಳ್ಳಿಯ ಬೆಂಗೇರಿಯನ್ನು ನೋಡಿರಿ. ಅಲ್ಲಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಸ್ಥಾಪನೆಯಾದದ್ದು. ಭಾರತೀಯ ಮಾನಕ ಸಂಸ್ಥೆಯ ಪ್ರಮಾಣಪತ್ರ ಪಡೆದು ರಾಷ್ಟ್ರಧ್ವಜ ತಯಾರಿಸುವ ಕೇಂದ್ರ ಅದು. ಧಾರವಾಡ ಜಿಲ್ಲೆಯ ಗರಗದಂಥ ಹಳ್ಳಿಗಳ ಕೈನೂಲು, ಕೈಮಗ್ಗದ ಬಟ್ಟೆ ಧ್ವಜವಾಗುತ್ತಿತ್ತು. ನೂಲುವವರಲ್ಲಿ, ಹೊಲಿಯುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಸರಕಾರಿ ಕಚೇರಿಗಳ ಮೇಲೆ ಹಾರುವ ಧ್ವಜ ಕೈನೂಲಿನದೇ ಆಗಿರಬೇಕು ಎಂಬ ನಿಯಮವೇ ಅವರ ಪೇಟೆಯಾಗಿತ್ತು.

2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಬಂತು. ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಸಿಕ್ಕಿತು. 2022ರ ಆಗಸ್ಟಿನಲ್ಲಿ ಮನೆಮನೆಯಲ್ಲಿ ಧ್ವಜ ಹಾರಿಸುವ ಅಭಿಯಾನ ನಡೆಯಿತು. ಎಂದಿಲ್ಲದಷ್ಟು ಧ್ವಜಗಳು ಬೇಕಾದ ಆ ವರ್ಷವೇ ಬೆಂಗೇರಿಯವರು ಧರಣಿ ಕೂರಬೇಕಾಯಿತು. ಕಡಿಮೆ ಬೆಲೆಗೆ ಹೆಚ್ಚು ಜನರಿಗೆ ಧ್ವಜ ಸಿಗಲಿ ಎಂಬುದು ಒಂದು ವಾದ. ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಕೈನೂಲಿನ ಹಿಂದೆ ಇದ್ದ ಹತ್ತಿಯ ಹೊಲ, ರಾಟಿ, ಮಗ್ಗಗಳ ಲೆಕ್ಕವನ್ನು ಆ ವಾದದಲ್ಲಿ ಯಾರೂ ಹಿಡಿದಿರಲಿಲ್ಲ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರು ಖಾದಿಗಾಗಿ ದುಡಿದ ಹುತಾತ್ಮ ಮೈಲಾರ ಮಹಾದೇವಪ್ಪನವರು ಹುಟ್ಟಿದ ಊರು. ಈ ಸೀಮೆಯವರಿಗೆ ಆ ಲೆಕ್ಕ ಬೇಗ ತಿಳಿಯಬೇಕು.

ಆದ್ದರಿಂದ ಟೆಂಡರಿನ ವಿವರಣೆ ಬರೆಯುವ ದಿನವೇ ರೈತನ ಪೇಟೆಯ ದಿನ ಎಂದು ತಿಳಿಯಬೇಕು. ಟೆಂಡರ್ ತೆರೆದ ಮೇಲೆ ಕೂಗಾಡಿ ಫಲವಿಲ್ಲ.

ನಮ್ಮ ಮೂರು ಊರುಗಳ ಲೆಕ್ಕ

ಹಾವೇರಿ, ರಾಣೆಬೆನ್ನೂರುಗಳಲ್ಲಿ ನಗರಸಭೆ, ಬ್ಯಾಡಗಿಯಲ್ಲಿ ಪುರಸಭೆ ಇದೆ. 2011ರ ಜನಗಣತಿಯಲ್ಲಿ ರಾಣೆಬೆನ್ನೂರಿನ ಜನಸಂಖ್ಯೆ ಒಂದು ಲಕ್ಷ ದಾಟಿತ್ತು, ಹಾವೇರಿಯದು 67 ಸಾವಿರ, ಬ್ಯಾಡಗಿಯದು ಅದರ ಅರ್ಧಕ್ಕಿಂತ ಕಡಿಮೆ. ಬ್ಯಾಡಗಿಯಂಥ ಚಿಕ್ಕ ಊರು ಒಂದೇ ಖಾರದ ಮಾದರಿಯನ್ನು ಪ್ರಯೋಗಶಾಲೆಗೆ ಕಳಿಸಬೇಕೆಂದರೆ ಖರ್ಚು ಭಾರ. ಮೂರು ಊರು ಹಂಚಿಕೊಂಡರೆ ಹಗುರ.

ಒಂದು ವಿಷಯ ಸ್ಪಷ್ಟವಿರಲಿ. ನಗರಸಭೆ ತಾನು ಕೊಳ್ಳುವ ಆಹಾರ ಕಡಿಮೆ. ಪೌರಕಾರ್ಮಿಕರ ಉಪಾಹಾರ, ಸಭೆ ಸಮಾರಂಭಗಳ ತಿಂಡಿ ಇಷ್ಟೇ. ಅದು ಹೆಚ್ಚಾಗಿ ಕೊಳ್ಳುವುದು ಸಮವಸ್ತ್ರ, ಕೈಗವಸು, ಚೀಲ, ಸಸಿ, ದೀಪ, ಪೈಪು. ಅನ್ನದ ದೊಡ್ಡ ಖರೀದಿ ವಿದ್ಯಾರ್ಥಿ ನಿಲಯ, ವಸತಿ ಶಾಲೆಗಳದು. ಅದು ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಮುಂತಾದ ಇಲಾಖೆಗಳ ಕೈಯಲ್ಲಿದೆ. ಆದ್ದರಿಂದ ಮೂರು ಊರುಗಳ ಕೂಟವೆಂದರೆ ಊರಿನ ಸಭೆಗಳ ಜೊತೆ ಈ ಇಲಾಖೆಗಳೂ ಒಂದೇ ಮೇಜಿಗೆ ಬರಬೇಕು. ಜಿಲ್ಲಾಧಿಕಾರಿ ಕಚೇರಿಯಲ್ಲಿರುವ ಜಿಲ್ಲಾ ನಗರಾಭಿವೃದ್ಧಿ ಕೋಶ ಇವರನ್ನು ಕೂಡಿಸಲು ತಕ್ಕ ಜಾಗ.

ಈಗ ಒಂದು ಅಂದಾಜು ಲೆಕ್ಕ ಹಾಕೋಣ. ನೂರು ಮಕ್ಕಳ ಒಂದು ನಿಲಯದಲ್ಲಿ ದಿನಕ್ಕೆ ಒಂದು ಮಗುವಿಗೆ 100 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ ಎಂದು ಹಿಡಿಯಿರಿ. ದಿನಕ್ಕೆ 10 ಕಿಲೋ, 300 ದಿನಕ್ಕೆ 30 ಕ್ವಿಂಟಲ್ ಆಯಿತು. ಎಕರೆಗೆ ಆರು ಕ್ವಿಂಟಲ್ ಬಂದರೆ ಇದು ಐದು ಎಕರೆಯ ಬೆಳೆ. 2025-26ರಲ್ಲಿ ಹೈಬ್ರಿಡ್ ಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 3,699 ರೂಪಾಯಿ. ಆ ದರದಲ್ಲಿ ಸುಮಾರು 1 ಲಕ್ಷ 11 ಸಾವಿರ ರೂಪಾಯಿ ಆಗುತ್ತದೆ. ಮಗುವಿಗೆ ದಿನಕ್ಕೆ 20 ಗ್ರಾಂ ಶೇಂಗಾ ಬೀಜದ ಚಿಕ್ಕಿ ಕೊಟ್ಟರೆ ವರ್ಷಕ್ಕೆ ಆರು ಕ್ವಿಂಟಲ್ ಬೀಜ, ಕಾಯಿಯ ಲೆಕ್ಕದಲ್ಲಿ ಎಂಟೂವರೆ ಕ್ವಿಂಟಲ್. ಮಳೆಯಾಶ್ರಿತ ಜಮೀನಿನಲ್ಲಿ ಇದು ಸುಮಾರು ಎರಡು ಎಕರೆಯ ಬೆಳೆ. ದಿನಕ್ಕೆ ಐದು ಗ್ರಾಂ ಖಾರವೆಂದರೆ ವರ್ಷಕ್ಕೆ ಒಂದೂವರೆ ಕ್ವಿಂಟಲ್, ಅರ್ಧ ಎಕರೆಯ ಮೆಣಸಿನಕಾಯಿ.

ಒಂದು ನಿಲಯಕ್ಕೆ ಏಳೂವರೆ ಎಕರೆ. ಇಂಥ ಐವತ್ತು ಅಡಿಗೆ ಮನೆಗಳಾದರೆ 375 ಎಕರೆ. ಜಿಲ್ಲೆಯ ಗೋವಿನಜೋಳದ ಹೊಲಗಳೆದುರು ಇದು ಒಂದು ಮೂಲೆ. ಪೇಟೆಯ ದರ ಕುಸಿತಕ್ಕೆ ಇದು ಮದ್ದು ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಆದರೆ ನೂರಿನ್ನೂರು ಕುಟುಂಬಗಳು ಒಂದೆರಡು ಎಕರೆಯನ್ನು ಗೋವಿನಜೋಳದಿಂದ ಜೋಳಕ್ಕೆ, ಶೇಂಗಾಕ್ಕೆ ತಿರುಗಿಸಲು ಧೈರ್ಯ ಕೊಡುವಷ್ಟು ದೊಡ್ಡದು. ಬೆಳೆ ಬದಲಾವಣೆಯಿಂದ ನೆಲಕ್ಕೆ ಆಗುವ ಲಾಭ ನಿಮಗೆ ಗೊತ್ತೇ ಇದೆ. ಶೇಂಗಾ ನೆಲಕ್ಕೆ ಸಾರಜನಕ ಕೂಡಿಸುತ್ತದೆ, ಜೋಳದ ಕಣಿಕೆ ದನಕ್ಕೆ ಮೇವಾಗುತ್ತದೆ.

ಪಟ್ಟಣದ ಗೊಬ್ಬರ

ಖರೀದಿ ಎರಡೂ ದಿಕ್ಕಿಗೆ ನಡೆಯುತ್ತದೆ. ಹಳ್ಳಿಯ ಕಾಳು ಊರಿಗೆ ಹೋದರೆ ಊರಿನ ಕಸ ಗೊಬ್ಬರವಾಗಿ ಹಳ್ಳಿಗೆ ಬರಬೇಕು. ಗೊಬ್ಬರದ ಅಭಾವ ಏನೆಂಬುದನ್ನು ಈ ಜಿಲ್ಲೆಗೆ ಕಲಿಸಬೇಕಾಗಿಲ್ಲ. 2008ರ ಜೂನ್ 10ರಂದು ಗೊಬ್ಬರ ಕೇಳಿದ ರೈತರ ಮೇಲೆ ಹಾವೇರಿಯಲ್ಲಿ ಗೋಲಿಬಾರು ನಡೆದು ಇಬ್ಬರು ಪ್ರಾಣ ಕಳೆದುಕೊಂಡರು. ಪಟ್ಟಣದ ಕಾಂಪೋಸ್ಟಿನ ಮಾರಾಟಕ್ಕೆ ಕೇಂದ್ರ ಸರಕಾರ 2016ರಲ್ಲಿ ಟನ್ನಿಗೆ 1,500 ರೂಪಾಯಿ ನೆರವು ಪ್ರಕಟಿಸಿತು. ಅದು 2021ರಲ್ಲಿ ನಿಂತಿತು.

ಕಾಂಪೋಸ್ಟ್ ಕೊಳ್ಳುವ ಮೊದಲು ಪರೀಕ್ಷಾ ವರದಿ ಕೇಳಿರಿ. ರಸಗೊಬ್ಬರ ನಿಯಂತ್ರಣ ಆಜ್ಞೆಯ ಪ್ರಕಾರ ಪಟ್ಟಣದ ಕಾಂಪೋಸ್ಟಿನಲ್ಲಿ ಸಾವಯವ ಇಂಗಾಲ ಕನಿಷ್ಠ ಶೇ. 12, ಸಾರಜನಕ ಶೇ. 0.8, ರಂಜಕ ಮತ್ತು ಪೊಟ್ಯಾಶ್ ತಲಾ ಶೇ. 0.4 ಇರಬೇಕು. ತೇವಾಂಶ ಶೇ. 15ರಿಂದ 25. ಸೀಸ ಕಿಲೋಗ್ರಾಮಿಗೆ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಕೂಡದು. ಒಂದು ಟನ್ನಿನಲ್ಲಿ ಸಾರಜನಕ ಕನಿಷ್ಠ 8 ಕಿಲೋ ಸಿಗುತ್ತದೆ. 45 ಕಿಲೋ ಯೂರಿಯಾ ಚೀಲದಲ್ಲಿ 20 ಕಿಲೋಕ್ಕಿಂತ ತುಸು ಹೆಚ್ಚಿದೆ. ಆದ್ದರಿಂದ ಇದು ಯೂರಿಯಾಕ್ಕೆ ಬದಲಿಯಲ್ಲ. ನೆಲದ ತೇವ ಹಿಡಿಯುವ ಶಕ್ತಿ ಹೆಚ್ಚಿಸಲು, ಹಾಕಿದ ಗೊಬ್ಬರ ಬೆಳೆಗೆ ದಕ್ಕಲು ಸಹಾಯಕ. ಗಾಜು, ಪ್ಲಾಸ್ಟಿಕ್ ಚೂರು ಕಂಡರೆ ಬೇಡವೆನ್ನಿರಿ. ಮೂರು ಊರುಗಳು ಕಸವನ್ನು ಒಂದೇ ರೀತಿ ಬೇರ್ಪಡಿಸಿ, ಮಾದರಿಯನ್ನು ಒಂದೇ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ತಮ್ಮ ಉದ್ಯಾನಗಳಿಗೆ ತಾವೇ ಮೊದಲು ಬಳಸಿದರೆ ರೈತನಿಗೂ ನಂಬಿಕೆ ಬರುತ್ತದೆ.

ಎಚ್ಚರಿಕೆಯ ಮಾತು

ಕೂಡಿ ಕೊಳ್ಳುವುದರಲ್ಲಿ ಒಂದು ದೊಡ್ಡ ಅಪಾಯವಿದೆ. ಮೂರು ಊರುಗಳ ಬೇಡಿಕೆಯನ್ನು ಒಂದೇ ಗಂಟು ಕಟ್ಟಿದರೆ ಟೆಂಡರಿನ ಮೊತ್ತ ಏರುತ್ತದೆ. ಅದಕ್ಕೆ ತಕ್ಕಂತೆ ಠೇವಣಿ ಏರುತ್ತದೆ, ವಾರ್ಷಿಕ ವಹಿವಾಟು ಇಷ್ಟಿರಬೇಕು ಎಂಬ ಷರತ್ತು ಬರುತ್ತದೆ. ಆಗ ತಾಲೂಕು ಒಕ್ಕಲುತನ ಹುಟ್ಟುವಳಿ ಮಾರಾಟ ಸಂಘವಾಗಲಿ, ರೈತ ಉತ್ಪಾದಕರ ಕಂಪನಿಯಾಗಲಿ, ಮಹಿಳಾ ಸ್ವಸಹಾಯ ಸಂಘವಾಗಲಿ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ದೂರದ ದೊಡ್ಡ ಗುತ್ತಿಗೆದಾರ ಒಳಗೆ ಹೋಗುತ್ತಾನೆ. ಒಗ್ಗಟ್ಟಿನ ಲಾಭವೆಲ್ಲ ಅವನದು.

ಆದ್ದರಿಂದ ಅಳತೆಗೋಲು ಒಂದೇ ಇರಲಿ, ಗಂಟು ಚಿಕ್ಕದಿರಲಿ. ಜೋಳ ಬೇರೆ, ಖಾರ ಬೇರೆ, ಚಿಕ್ಕಿ ಬೇರೆ. ಹಾವೇರಿಯದು ಬೇರೆ, ರಾಣೆಬೆನ್ನೂರಿನದು ಬೇರೆ. ಕೇಂದ್ರ ಸರಕಾರದ ಇಲಾಖೆಗಳು ತಮ್ಮ ವಾರ್ಷಿಕ ಖರೀದಿಯ ಶೇ. 25ರಷ್ಟನ್ನು ಸಣ್ಣ ಉದ್ದಿಮೆಗಳಿಂದ ಕೊಳ್ಳಬೇಕೆಂಬ ನಿಯಮ 2018ರಿಂದ ಇದೆ. ಅಂಥ ಪಾಲನ್ನು ಇಲ್ಲಿಯೂ ಗೊತ್ತುಪಡಿಸಬಹುದು. ಎರಡನೆಯದಾಗಿ, ಹಣ ಬೇಗ ಕೈಸೇರಬೇಕು. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಬಿಲ್ಲು ಆರು ತಿಂಗಳು ಕೂತರೆ ದಲಾಲಿ ಅಂಗಡಿಯೇ ವಾಸಿ ಎಂದು ರೈತ ಹಿಂತಿರುಗುತ್ತಾನೆ. ಮೂರನೆಯದಾಗಿ, ಮಾಲು ಹೊತ್ತವನ, ಕಸ ಎತ್ತುವವನ ಕೂಲಿಯೂ ಈ ಅಳತೆಯಲ್ಲಿ ಸೇರಬೇಕು. ಪೌರಕಾರ್ಮಿಕನಿಗೆ ಹರಿಯುವ ಕೈಗವಸು ಕೊಟ್ಟು ಉಳಿಸಿದ ಹಣ ಉಳಿತಾಯವಲ್ಲ.

ರೈತರು ಕೈಕೊಳ್ಳಬೇಕಾದ ಕ್ರಮಗಳು

1. ಒಬ್ಬಂಟಿಯಾಗಿ ಟೆಂಡರಿಗೆ ಹೋಗಲಾಗದು. ಸಮೀಪದ ರೈತ ಉತ್ಪಾದಕರ ಸಂಸ್ಥೆಗೆ ಸೇರಿರಿ. 2020ರಲ್ಲಿ ಪ್ರಾರಂಭವಾದ ಕೇಂದ್ರ ಯೋಜನೆಯಂತೆ ಬಯಲು ಸೀಮೆಯಲ್ಲಿ ಕನಿಷ್ಠ 300 ಸದಸ್ಯರಿದ್ದರೆ ಸಂಸ್ಥೆ ಕಟ್ಟಬಹುದು.

2. ನಗರಸಭೆ, ಪುರಸಭೆಗಳು ಬಜೆಟ್ ಪೂರ್ವಭಾವಿ ಸಭೆ ಕರೆಯುತ್ತವೆ. ಚುನಾಯಿತ ಸದಸ್ಯರಿರಲಿ, ಆಡಳಿತಾಧಿಕಾರಿ ಇರಲಿ, ಆ ಸಭೆಗೆ ಸಂಘದ ಇಬ್ಬರು ಹೋಗಿರಿ. ಬೇಡಿಕೆಯನ್ನು ಬಾಯಿಮಾತಿನಲ್ಲಿ ಬಿಡದೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ವಿದ್ಯಾರ್ಥಿ ನಿಲಯಗಳ ವಿಷಯದಲ್ಲಿ ತಾಲೂಕಿನ ಇಲಾಖಾ ಅಧಿಕಾರಿಗಳನ್ನು ಟೆಂಡರಿಗೆ ಮೊದಲೇ ಕಾಣಿರಿ.

3. ಕಳೆದ ವರ್ಷದ ಟೆಂಡರಿನ ವಿವರಣೆ, ಒಪ್ಪಿದ ದರಗಳನ್ನು ಮಾಹಿತಿ ಹಕ್ಕಿನ ಅರ್ಜಿ ಕೊಟ್ಟು ಪಡೆಯಬಹುದು. ಅದನ್ನು ಓದಿದರೆ ಯಾವ ಸಾಲು ಬದಲಾಗಬೇಕೆಂಬುದು ತಿಳಿಯುತ್ತದೆ.

4. ಮಾಲಿನ ಗುಣಮಟ್ಟ ನಿಮ್ಮ ಕೈಯಲ್ಲಿದೆ. ಜೋಳವನ್ನು ಶೇ. 12, ಶೇಂಗಾ ಬೀಜವನ್ನು ಶೇ. 8, ಮೆಣಸಿನಕಾಯಿಯನ್ನು ಶೇ. 10-11 ತೇವಾಂಶಕ್ಕೆ ಇಳಿಸಿರಿ. ಮೆಣಸಿನಕಾಯಿಯನ್ನು ಬರಿ ನೆಲದ ಮೇಲೆ ಹರವದೆ ತಾಡಪತ್ರಿ ಅಥವಾ ಸಿಮೆಂಟ್ ಕಣದ ಮೇಲೆ ಒಣಗಿಸಿರಿ. ತೂಕಕ್ಕಾಗಿ ನೀರು ಸಿಂಪಡಿಸಿದರೆ ಬೂಸ್ಟು ಬರುತ್ತದೆ, ಪರೀಕ್ಷೆಯಲ್ಲಿ ಇಡೀ ಲಾಟು ತಿರಸ್ಕಾರವಾಗುತ್ತದೆ.

5. ಹಿಟ್ಟು, ಪುಡಿ, ಚಿಕ್ಕಿ ಮಾಡಿ ಮಾರುವುದಾದರೆ ಆಹಾರ ಸುರಕ್ಷತಾ ನೋಂದಣಿ ಅಥವಾ ಪರವಾನಗಿ ಬೇಕು. ಇದನ್ನು ಸಂಘದ ಹೆಸರಿನಲ್ಲಿ ಮಾಡಿಸಿರಿ.

6. ಸಿಂಪಡಿಸಿದ ಔಷಧ, ತಾರೀಖು, ಪ್ರಮಾಣ ಇವನ್ನು ಒಂದು ವಹಿಯಲ್ಲಿ ಬರೆದಿಡಿರಿ. ಪರಿಸರದ ಅಳತೆಗೋಲು ಬಂದ ದಿನ ಆ ವಹಿಯೇ ನಿಮ್ಮ ಸಾಕ್ಷಿ.

7. ಕೊಡಲಾಗದಷ್ಟು ಒಪ್ಪಿಕೊಳ್ಳಬೇಡಿರಿ. ಮೊದಲ ವರ್ಷ ಎರಡು ನಿಲಯಗಳಿಗೆ ಜೋಳ ಕೊಟ್ಟು ತಪ್ಪದೆ ನಡೆಸಿರಿ. ಪೇಟೆಯಲ್ಲಿ ದರ ಏರಿದ ತಿಂಗಳು ಸಂಘಕ್ಕೆ ಕೈಕೊಟ್ಟು ದಲಾಲಿಗೆ ಮಾರಿದರೆ ಮುಂದಿನ ವರ್ಷ ಈ ಬಾಗಿಲು ತೆರೆಯುವುದಿಲ್ಲ.

ಕೊನೆಯ ಸೂಚನೆ ಎಲ್ಲಕ್ಕಿಂತ ಮುಖ್ಯ. ಅಧಿಕಾರಿಗಳಿಗೆ ಅಳತೆಗೋಲು ಬರೆಯಿರಿ ಎಂದು ಕೇಳುವವನು ಆ ಅಳತೆಗೆ ತಾನೂ ನಿಲ್ಲಬೇಕು.

ಮೆಣಸಿನಕಾಯಿ, ಶೇಂಗಾ ಒಣಗಿಸುವ ವಿಧಾನಗಳ ಬಗ್ಗೆ ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಸಂಸ್ಕರಣೆಯ ಬಗ್ಗೆ ಹಾವೇರಿ ಬಳಿಯ ದೇವಿಹೊಸೂರಿನ ತೋಟಗಾರಿಕೆ ಕಾಲೇಜಿನಲ್ಲಿ ವಿಚಾರಿಸಬಹುದು. ಸಂಘ ಕಟ್ಟುವ ವಿಷಯಕ್ಕೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿರಿ. ಬರುವಾಗ ನಿಮ್ಮ ಊರಿಗೆ ಸಮೀಪದ ವಿದ್ಯಾರ್ಥಿ ನಿಲಯದಲ್ಲಿ ಮಕ್ಕಳೆಷ್ಟು, ತಿಂಗಳಿಗೆ ಜೋಳ ಎಷ್ಟು, ಖಾರ ಎಷ್ಟು ಬೇಕು ಎಂಬುದನ್ನು ಕೇಳಿಕೊಂಡು ಬಂದರೆ ಲೆಕ್ಕಕ್ಕೆ ಅಲ್ಲಿಂದಲೇ ಕೂಡಬಹುದು.